ಒಂದು ಸಲಕ್ಕೆ ಒಂದೇ ಯಂತ್ರ

ಪ್ರೆಸ್ಸಿನ ಕಾಕಾ ತೀರಿಕೊಂಡರೆಂದು ತಿಳಿದು, ಮನೆಯವರನ್ನು ಮಾತಾಡಿಸಿಕೊಂಡು ಬರಲು ಕಮರಿಪೇಟೆಗೆ ಹೋಗಿದ್ದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಹುಬ್ಬಳ್ಳಿ-ಧಾರವಾಡದ ಹಳೆಯ ಪ್ರೆಸ್ಸಿನವರೆಲ್ಲ ಕೂತಿದ್ದರು. ಸಾವಿನ ಮನೆಯಲ್ಲಿ ಯಾವಾಗಲೂ ಆಗುವ ಹಾಗೆ ಎಲ್ಲರೂ ಅವರ ಗುಣಗಾನದಲ್ಲಿದ್ದರು. ಸೀಸದ ಮೊಳೆಗಳಲ್ಲಿ ತಿರುವುಮುರುವಾಗಿ ನಿಂತ ಅಕ್ಷರಗಳನ್ನು ಅವರು ಪೇಪರು ಓದಿದಷ್ಟು ಸಲೀಸಾಗಿ ಓದುತ್ತಿದ್ದರಂತೆ. ಹೇಳಿದ ದಿನಕ್ಕೆ ಕೆಲಸ ಕೊಡದೆ ಬಿಟ್ಟವರಲ್ಲವಂತೆ. ಕೊನೆಗೆ ಅವರಿಗಿಂತ ಎಷ್ಟೋ ಸಣ್ಣವನಾದ ಒಬ್ಬ ಪ್ರೆಸ್ಸಿನವನು ನಿಟ್ಟುಸಿರು ಬಿಟ್ಟು, "ಕಾಕಾಗ ಎಲ್ಲಾ ಬರತಿತ್ತು. ಕಂಪ್ಯೂಟರ ಒಂದ ತಿಳೀಲಿಲ್ಲ ನೋಡ್ರಿ," ಎಂದ. ಸುತ್ತಲಿನ ತಲೆಗಳೆಲ್ಲ ಹೌದೆಂದು ಆಡಿದವು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಾಗೆಂದವನು ಬೇರೆ ಯಾರೂ ಅಲ್ಲ, ಅವರ ಕಂಪ್ಯೂಟರಿನ ಸೀಡಿಯನ್ನು ಮೊದಲು ಎರವಲು ಒಯ್ದ ಮಹಾರಾಯ. ಆದರೆ ಆ ಜಾಗದಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಲೈಸೆನ್ಸಿನ ಮಾತು ತೆಗೆದು ಜಗಳಕ್ಕೆ ನಿಲ್ಲುವುದು ಹೇಗೆ? ಚಹಾ ಕುಡಿದು ಎದ್ದು ಬಂದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಾನು ಅದೇ ಓಣಿಯ ಹತ್ತಿರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅಮ್ಮಿನಬಾವಿ, ಉಪ್ಪಿನಬೆಟಗೇರಿ ಮೊದಲಾದ ಕಡೆಯ ಕೆಲವು ಶಾಲೆಗಳು ಸೇರಿ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಒಟ್ಟಿಗೆ ಅಚ್ಚು ಹಾಕಿಸುತ್ತಿದ್ದವು. ಯಾರೂ ಒಲ್ಲದ ಆ ಕೆಲಸ ಊರಲ್ಲೇ ಇದ್ದ ನನ್ನ ಕೊರಳಿಗೆ ಬಿದ್ದಿತ್ತು. ಪ್ರಶ್ನೆಪತ್ರಿಕೆ ಎಂದರೆ ಗುಟ್ಟಿನ ಸರಕು, ಎಲ್ಲರ ಕೈಗೆ ಕೊಡುವಂಥದ್ದಲ್ಲ. ಹಾಗಾಗಿ ಅವರ ಪ್ರೆಸ್ಸಿಗೇ ಹೋಗುವುದು ರೂಢಿ. ತಪ್ಪಾದ ಹಾಳೆಗಳನ್ನು ಅವರು ರದ್ದಿಗೆ ಹಾಕುತ್ತಿರಲಿಲ್ಲ, ತಾವೇ ಒಲೆಗೆ ಹಾಕಿ ಉರಿದು ಮುಗಿಯುವ ತನಕ ನಿಂತಿರುತ್ತಿದ್ದರು. ಪ್ರಶ್ನೆಗಳನ್ನು ಮಾತ್ರ ಓದುತ್ತಿರಲಿಲ್ಲವಂತೆ. "ಅಕ್ಷರ ನೋಡತೇನ್ರಿ ಸರ, ಅರ್ಥ ನೋಡೂದಿಲ್ಲ," ಎನ್ನುತ್ತಿದ್ದರು. ಹಾಗಂದವರೇ ಒಮ್ಮೆ ನನ್ನ ಏಳನೆಯ ಲೆಕ್ಕಕ್ಕೆ ಉತ್ತರವೇ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದ್ದರು.

ಅವರನ್ನು ತಿಳಿಯಬೇಕಾದರೆ ಮೊಳೆಗಳ ಕಾಲದ ಒಂದು ಪದ್ಧತಿಯನ್ನು ಮೊದಲು ತಿಳಿಯಬೇಕು. ಸಣ್ಣ ಪ್ರೆಸ್ಸುಗಳಲ್ಲಿ ಎಲ್ಲ ಅಳತೆಯ ಅಕ್ಷರಗಳೂ ಬೇಕಾದಷ್ಟು ಇರುತ್ತಿರಲಿಲ್ಲ. ಒಬ್ಬರಿಗೆ ಕಡಿಮೆ ಬಿದ್ದರೆ ಇನ್ನೊಬ್ಬರಿಂದ ಮೊಳೆಗಳ ಕೇಸನ್ನೇ, ಅಂದರೆ ಆ ಮರದ ಖಾನೆಪೆಟ್ಟಿಗೆಯನ್ನೇ, ಎರವಲು ತರುತ್ತಿದ್ದರು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಿಂದಿರುಗಿಸುತ್ತಿದ್ದರು. ಕೊಟ್ಟವನ ಮನೆಯಲ್ಲಿ ಅಲ್ಲಿಯವರೆಗೆ ಆ ಅಳತೆಯ ಕೆಲಸ ಬಂದ್. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಾನು ಹೋಗಿ ಶಾಲೆಯ ಕರಪತ್ರ ಯಾಕೆ ಇನ್ನೂ ಶುರುವಾಗಿಲ್ಲ ಎಂದು ಕೇಳಿದರೆ ಅವರು, "ಹನ್ನೆರಡು ಪಾಯಿಂಟ ಕೇಸ ಊರಿಗೆ ಹೋಗೇತ್ರಿ. ಬರೂತನಕ ತಡೀಬೇಕು," ಎನ್ನುತ್ತಿದ್ದರು. ಹೆಂಡತಿ ತವರಿಗೆ ಹೋದವರ ಹಾಗೆ ಇರುತ್ತಿತ್ತು ಅವರ ಮುಖ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಪ್ರೆಸ್ಸುಗಳಿಗೆಲ್ಲ ಕಂಪ್ಯೂಟರು ಬಂದುಬಿಟ್ಟಿತು. ಇವರು ಎರಡು-ಮೂರು ವರ್ಷ ಬಿಗಿಹಿಡಿದು ಕೂತರು. ಕೊನೆಗೆ ಮೊಳೆ ಎರಕ ಹೊಯ್ಯುವವರೇ ಇಲ್ಲವಾದಾಗ, ಕಂಪ್ಯೂಟರು ಕೊಳ್ಳಲು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಗಣಿತದ ಮಾಸ್ತರನಿಗೆ ಕಂಪ್ಯೂಟರು ತಿಳಿದಿರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿರಲಿಲ್ಲ.

ಅಂಗಡಿಯವನು ಯಂತ್ರದ ದರ ಹೇಳಿದ. ಆಪರೇಟಿಂಗ್ ಸಿಸ್ಟಮ್ಮಿನ ಮಾತು ಬಂದಾಗ ಕೈಬೀಸಿದ.

"ಅದಕ್ಯಾಕ ತಲಿ ಕೆಡಿಸ್ಕೋತೀರಿ ಕಾಕಾ? ನಮ್ಮ ಕಡೆ ಸೀಡಿ ಐತಿ, ಪುಕ್ಕಟೆ ಹಾಕಿ ಕೊಡತೇವಿ."

"ಅದು ಯಾರದು?"

"ಯಾರದೂ ಅಲ್ರಿ. ಎಲ್ಲಾರಿಗೂ ಅದನ್ನ ಹಾಕತೇವಿ."

"ಮಾಡಿದವರು ಯಾರರ ಇರಬೇಕಲಾ. ಅವರದು ಕೊಡ್ರಿ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಅವನು ಪಾಪ, ಬಿಡಿಸಿ ಹೇಳಿದ. ಕಂಪನಿಯಿಂದಲೇ ಕಟ್ಟಿ ಬರುವ ಯಂತ್ರಗಳಲ್ಲಿ ಸಿಸ್ಟಮ್ಮು ಒಳಗೇ ಇರುತ್ತದೆ, ಹೊರಗೆ ಚೀಟಿ ಅಂಟಿಸಿರುತ್ತಾರೆ. ಅಗ್ಗ, ಆದರೆ ಆ ಯಂತ್ರ ಸತ್ತರೆ ಅದೂ ಸತ್ತ ಹಾಗೆ, ಬಿಚ್ಚಿ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ದೊಡ್ಡ ದೊಡ್ಡ ಆಫೀಸುಗಳಿಗೆ ಎಲ್ಲ ಯಂತ್ರಕ್ಕೂ ಸೇರಿ ಒಂದೇ ಕೀಲಿ ಕೊಡುತ್ತಾರೆ, ಅದು ನಮ್ಮಂಥವರಿಗಲ್ಲ. ಮೂರನೆಯದು ಡಬ್ಬಿಯಲ್ಲಿ ಬರುವ ಸೀಡಿ. ತುಟ್ಟಿ, ಆದರೆ ಯಂತ್ರ ಕೆಟ್ಟರೆ ಇನ್ನೊಂದು ಯಂತ್ರಕ್ಕೆ ಒಯ್ಯಬಹುದು. "ಒಂದ ಸಲಕ್ಕ ಒಂದ ಮಶೀನಿಗೆ ಅಷ್ಟರಿ," ಎಂದ ಅಂಗಡಿಯವನು.

ಅವರ ಮುಖ ಅರಳಿತು. "ಒಂದ ಸಲಕ್ಕ ಒಂದ ಮಶೀನು! ಅಂದ್ರ ನಮ್ಮ ಕೇಸಿನಂಗ ಆತಲ್ರಿ ಸರ." ನಾನು ಹೌದೆಂದೆ. ಮಾತಿನ ಮಟ್ಟಿಗೆ ಅದು ಹೌದೇ ಆಗಿತ್ತು. ಡಬ್ಬಿಯನ್ನು ಬೆಂಗಳೂರಿನಿಂದ ತರಿಸಬೇಕಾಯಿತು. ಅದರ ಬೆಲೆ ಕೇಳಿ ಎದೆ ಹಿಡಿದುಕೊಂಡವನು ನಾನು, ಅವರಲ್ಲ.

ಹೊಸ ಸಿಸ್ಟಮ್ಮಿಗೆ ಬರೀ ಕೀಲಿಯ ಅಕ್ಷರ ಹೊಡೆದರೆ ಸಾಲದು, ಕಂಪನಿಯ ಒಪ್ಪಿಗೆಯೂ ಬೇಕು. ಯಂತ್ರ ತನ್ನ ಒಳಗಿನ ಭಾಗಗಳನ್ನೆಲ್ಲ ನೋಡಿಕೊಂಡು ಉದ್ದನೆಯ ಅಂಕಿಗಳ ಸಾಲೊಂದನ್ನು ಕಟ್ಟುತ್ತದೆ. ಅದು ಫೋನಿನ ತಂತಿಯಲ್ಲಿ ಕಂಪನಿಗೆ ಹೋಗುತ್ತದೆ. ಕಂಪನಿ ಈ ಕೀಲಿ ಈ ಯಂತ್ರಕ್ಕೆ ಸೇರಿದ್ದು ಎಂದು ಬರೆದಿಟ್ಟುಕೊಂಡು ಹೂಂ ಎನ್ನುತ್ತದೆ. ಮೊದಲ ಸಲ ಕಂಪನಿ ಒಂದು ಗಳಿಗೆಯಲ್ಲಿ ಹೂಂ ಎಂದಿತು. ಅವರು ಪರದೆಗೆ ಕೈಮುಗಿದು, ಮನೆಯೊಳಗೆ ಹೋಗಿ ಎಲ್ಲರಿಗೂ ಬೆಲ್ಲ ಹಂಚಿದರು.

ವರ್ಷದೊಳಗೆ ಧಾರವಾಡದ ಕಡೆಯ ಒಬ್ಬ ಹುಡುಗಾಟದ ಪ್ರೆಸ್ಸಿನವನ ಯಂತ್ರಕ್ಕೆ ವೈರಸ್ಸು ಹತ್ತಿತು. ಮೇಲೆ ಹೇಳಿದ ಮಹಾರಾಯ ಇವನೇ. "ಕಾಕಾ, ನಿಮ್ಮ ಸೀಡಿ ಸ್ವಲ್ಪ ಕೊಡ್ರಿ," ಎಂದು ಬಂದ. ಪ್ರೆಸ್ಸಿನವನು ಪ್ರೆಸ್ಸಿನವನನ್ನು ಕೇಳಿದರೆ ಇಲ್ಲ ಎನ್ನುವುದುಂಟೇ? ಕೊಟ್ಟರು. ನಾನು ಅದರ ಮರುದಿನ ಕೆಲಸ ತೆಗೆದುಕೊಂಡು ಹೋದಾಗ ಕಂಪ್ಯೂಟರಿನ ಮೇಲೆ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿತ್ತು. ಇವರು ಸುಮ್ಮನೆ ಕೂತು ರಸೀದಿ ಪುಸ್ತಕಕ್ಕೆ ಅಂಟು ಹಚ್ಚುತ್ತಿದ್ದರು.

"ಕೆಟ್ಟಿತೇನ್ರಿ?"

"ಇಲ್ರಿ, ಛಲೋ ಐತಿ. ಸೀಡಿ ಕಡಾ ಕೊಟ್ಟೇನಿ. ಬರೂತನಕ ಬಂದ್."

ನಾನು ನಕ್ಕುಬಿಟ್ಟೆ. ಸೀಡಿ ಹೋದರೇನು, ಸಿಸ್ಟಮ್ಮು ನಿಮ್ಮ ಯಂತ್ರದೊಳಗೆ ಕೂತಿದೆ, ಗುಂಡಿ ಒತ್ತಿ ಕೆಲಸ ಮಾಡಿ ಎಂದೆ.

"ಅಂವನ ಮಶೀನಿನ್ಯಾಗೂ ಐತಲ್ರಿ ಈಗ?"

"ಐತಿ."

"ಅಂವನ ಮನ್ಯಾಗ ಇದ್ದದ್ದು ನನ್ನ ಮನ್ಯಾಗ ಹೆಂಗ ಇರತೈತ್ರಿ ಸರ? ಒಂದ ಸಲಕ್ಕ ಒಂದ ಮಶೀನು ಅಂತ ನಿಮ್ಮ ಮುಂದನ ಹೇಳ್ಯಾನಲ್ಲ."

ವರ್ಷಗಟ್ಟಲೆ ಮಕ್ಕಳಿಗೆ ಸಮೀಕರಣ ಬಿಡಿಸಿ ತೋರಿಸಿದ ನಾನು ಇದಕ್ಕೆ ಆಧಾರ ಹುಡುಕಲು ಸೀಡಿಯ ಡಬ್ಬಿಯನ್ನು ತೆರೆದೆ. ಕಂಪನಿಯ ಕಾಗದ ಬಿಚ್ಚಿ ಓದಿದರೆ, ಇನ್ನೊಂದಕ್ಕೆ ಹಾಕುವ ಮುಂಚೆ ಮೊದಲಿನದರಿಂದ ಅಳಿಸಬೇಕು ಎಂದಿತ್ತು. ಆರಿಸಿಟ್ಟರೆ ಸಾಕು ಎಂದು ಎಲ್ಲಿಯೂ ಇರಲಿಲ್ಲ. ಅದನ್ನು ಹೇಳಿದೆ. "ಆರಿಸಿದ್ದಕ್ಕೂ ಅಳಿಸಿದ್ದಕ್ಕೂ ಏನ್ರಿ ಫರಕು, ನಾ ಮುಟ್ಟದ ಇದ್ರ ಸಾಕಲ್ಲ," ಎಂದರು. ಸೀಡಿ ತಿರುಗಿ ಬಂದ ದಿನ ಆ ಹುಡುಗನನ್ನು, "ನಿನ್ನದ್ರಾಗಿಂದ ತಗದಿ ಏನಪಾ?" ಎಂದು ಕೇಳಿದರು. ಅವನು, "ಹೂನ್ರಿ ಕಾಕಾ," ಎಂದ. ಅವನಿಗೆ ಪ್ರಶ್ನೆ ಅರ್ಥವಾಗಿತ್ತೋ ಇಲ್ಲವೋ ದೇವರೇ ಬಲ್ಲ. ಇವರು ಸೀರೆಯ ತುಂಡು ತೆಗೆದು ಯಂತ್ರ ಚಾಲೂ ಮಾಡಿದರು.

ಅಸಲಿ ಸೀಡಿ ಇದೆಯೆಂಬ ಸುದ್ದಿ ಹಬ್ಬಿತು. ಒಬ್ಬರಾದ ಮೇಲೆ ಒಬ್ಬರು ಒಯ್ದರು. ಪ್ರತಿ ಸಲವೂ ಇವರ ಯಂತ್ರಕ್ಕೆ ಮುಸುಕು. ಒಂದು ವರ್ಷ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನವೂ ಸೀಡಿ ಊರಲ್ಲಿರಲಿಲ್ಲ, ಬರಿಯ ಡಬ್ಬಿಗೆ ವಿಭೂತಿ ಹಚ್ಚಿ ಹೂ ಇಟ್ಟಿದ್ದರು. ಪ್ರೆಸ್ಸಿನವರು ಇದನ್ನು ಹೇಳಿ ಹೇಳಿ ನಗುತ್ತಿದ್ದರು. ನಗುತ್ತಲೇ ಒಯ್ಯುತ್ತಿದ್ದರು. ಕಂಪನಿ ತಾನಾಗಿ ಹೂಂ ಎನ್ನದಿದ್ದಾಗ ಅವರೆಲ್ಲ ಫೋನು ಹಚ್ಚುತ್ತಿದ್ದರು. ಆಚೆಯವರು ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ ಎಂದು ಕೇಳಿದರೆ ಒಂದೇ ಎನ್ನುತ್ತಿದ್ದರು. ಅಷ್ಟಕ್ಕೇ ಕೆಲಸ ಆಗಿಬಿಡುತ್ತಿತ್ತು.

ಹೀಗಿರುವಾಗ ಒಂದು ಮಾರ್ಚಿನಲ್ಲಿ, ಪರೀಕ್ಷೆ ಇನ್ನೇನು ಬಂತು ಎನ್ನುವಾಗ, ಕರೆಂಟು ಹೋಗಿ ಒಮ್ಮೆಲೇ ಜೋರಾಗಿ ಬಂದು ಅವರ ಯಂತ್ರದ ಮದರ್‌ಬೋರ್ಡು ಸುಟ್ಟಿತು. ರಿಪೇರಿಯವನು ಬೇರೆ ಬೋರ್ಡು ಹಾಕಿದ. ಪ್ರಶ್ನೆಪತ್ರಿಕೆಗಳಿದ್ದ ಡಿಸ್ಕಿಗೆ ಏನೂ ಆಗಿರಲಿಲ್ಲ. ಬದುಕಿದೆವು ಎಂದುಕೊಂಡೆವು. ಆದರೆ ಬೋರ್ಡು ಬದಲಾದ ಕಾರಣ ಸಿಸ್ಟಮ್ಮಿಗೆ ಇದು ಬೇರೆಯೇ ಯಂತ್ರವಾಗಿ ಕಂಡಿತು. ಮತ್ತೆ ಒಪ್ಪಿಗೆ ತೆಗೆದುಕೊಳ್ಳಿ, ಕೆಲವು ದಿನ ಕಾಯುತ್ತೇನೆ, ಆಮೇಲೆ ತೆರೆಯುವುದಿಲ್ಲ ಎಂದಿತು. ಕಂಪನಿಯನ್ನು ಕೇಳಿದರೆ, ಈ ಕೀಲಿ ಆಗಲೇ ಬಹಳ ಕಡೆ ಬಳಕೆಯಾಗಿದೆ, ಫೋನು ಮಾಡಿ ಎಂದು ಉತ್ತರ ಬಂತು. ಫೋನು ಸಿಗಲಿಲ್ಲ. ಹಳ್ಳಿಯ ಮಾಸ್ತರುಗಳಿಗೆ ಕಳಿಸಿದ್ದ ಪ್ರೂಫುಗಳು ತಿದ್ದಿಸಿಕೊಂಡು ಬರುವ ಹೊತ್ತಿಗೆ ಯಂತ್ರ ಮುಚ್ಚಿಕೊಂಡಿತ್ತು. ಒಳಗೆ ಪ್ರಶ್ನೆಪತ್ರಿಕೆಗಳಿದ್ದವು, ಹೊರಗೆ ನಾವಿದ್ದೆವು.

ಅವರು ಆ ದಿನ ಊಟ ಮಾಡಲಿಲ್ಲ. ಹೇಳಿದ ದಿನಕ್ಕೆ ಕೆಲಸ ಕೊಡದೆ ಇದ್ದದ್ದು ಅವರ ಬದುಕಿನಲ್ಲಿ ಇರಲಿಲ್ಲ. ಆ ವರ್ಷ ತಪ್ಪಿದರೆ ಪ್ರಶ್ನೆಪತ್ರಿಕೆಯ ಕೆಲಸ ಅವರ ಕೈಬಿಡುತ್ತಿತ್ತು. ಅದೊಂದು ಕೈಬಿಟ್ಟರೆ ಪ್ರೆಸ್ಸು ಉಳಿಯುತ್ತಿರಲಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ರಿಪೇರಿಯವನು, "ಕಳ್ಳ ಸೀಡಿ ಒಂದ ಹಾಕಿಬಿಡ್ರಿ ಕಾಕಾ, ಚಹಾ ಕುಡಿಯೂದರಾಗ ಆಗತೈತಿ," ಎಂದ. ಅವನಿಗೆ ಚಹಾ ತರಿಸಿ ಕುಡಿಸಿ ಕಳಿಸಿದರು.

ಮರುದಿನ ಬೆಳಿಗ್ಗೆ ಫೋನು ಹತ್ತಿತು. ಮೊದಲು ಯಂತ್ರದ ದನಿ. ಪರದೆಯ ಮೇಲಿನ ಅಂಕಿಗಳನ್ನು ಅವರು ಪ್ರೂಫು ಓದುವ ಹಾಗೆ ಒಂದೊಂದೇ ಹೇಳಿದರು, ನಾನು ಒತ್ತಿದೆ. ಸರಿಯಿಲ್ಲ ಎಂದು, ಹಾಡು ಕೇಳಿಸಿ, ಒಬ್ಬ ಹುಡುಗಿಗೆ ಕೊಟ್ಟರು. ನಮ್ಮ ಪುಣ್ಯಕ್ಕೆ ಬೆಂಗಳೂರಿನವಳು, ಕನ್ನಡ ಬರುತ್ತಿತ್ತು. ಕನ್ನಡ ಎಂದ ಕೂಡಲೇ ಇವರು ನನ್ನ ಕೈಯಿಂದ ಫೋನು ಇಸಿದುಕೊಂಡರು. ನಾನು ಕಿವಿ ಹತ್ತಿರ ಹಿಡಿದು ನಿಂತೆ.

"ಸರ್, ಈ ಸಾಫ್ಟ್‌ವೇರ್ ಎಷ್ಟು ಕಂಪ್ಯೂಟರ್‌ನಲ್ಲಿ ಹಾಕಿದೀರ?"

ನಾನು ಅವರ ಮುಖದ ಮುಂದೆ ಒಂದು ಬೆರಳು ಎತ್ತಿ ಹಿಡಿದೆ. ಅವರು ಆ ಬೆರಳನ್ನು ಅಚ್ಚಿನ ತಪ್ಪು ನೋಡಿದ ಹಾಗೆ ನೋಡಿದರು.

"ಒಂದ ಸಲಕ್ಕ ಒಂದ ತಂಗಿ. ಆದ್ರ ಕಡಾ ಕೊಟ್ಟಿದ್ದೆ. ಅವರು ಹಾಕ್ಕೊಂಡಾಗ ನಾ ಬಂದ್ ಇಟ್ಟಿದ್ದೆ."

"ಬೇರೆಯವರಿಗೆ ಕೊಟ್ಟಿದ್ರಾ ಸರ್?"

"ಹೌದವಾ, ಪ್ರೆಸ್ಸಿನವರಿಗೆ. ಹೆಸರ ಕೇಳಬ್ಯಾಡ, ಹೇಳೂದಿಲ್ಲ."

ಆ ಹುಡುಗಿ ದನಿ ತಗ್ಗಿಸಿ, "ಸರ್, ಈಗ ನಿಮ್ಮದೊಂದರಲ್ಲೇ ಇದೆ ಅಲ್ವಾ? ಹೌದು ಅಂದ್ರೆ ಸಾಕು, ನಾನು ನಂಬರ್ ಕೊಟ್ಬಿಡ್ತೀನಿ," ಎಂದಳು. ಅವಳೇ ಬಾಗಿಲು ತೆರೆದು ಹಿಡಿದಿದ್ದಳು. ನಾನು ಹೌದು ಅನ್ನಿ ಎಂದು ತುಟಿ ಆಡಿಸಿದೆ, ಕೈ ಹಿಸುಕಿದೆ, ಕಾಲು ತುಳಿಯುವುದೊಂದು ಬಾಕಿ. ಇವರು ಯೋಚನೆ ಮಾಡಿದರು. ಹೌದೆನ್ನಲು ಅವರಿಗೆ ಎಷ್ಟು ಮನಸ್ಸಿತ್ತೆಂದು ನಾನು ಹತ್ತಿರದಿಂದ ನೋಡಿದ್ದೇನೆ, ತಿದ್ದಿ ಬಂದ ಪ್ರೂಫುಗಳ ಕಟ್ಟಿನ ಮೇಲೆ ಅವರು ಒಮ್ಮೆ ಕೈಯಾಡಿಸಿದರು.

"ತಗದೇವಿ ಅಂತ ಹೇಳ್ಯಾರ ತಂಗಿ. ಖರೇ ತಗದಾರೋ ಇಲ್ಲೋ ನಾ ಹೋಗಿ ನೋಡಿಲ್ಲ. ನೋಡಿ ಬಂದು ಹೇಳತೇನಿ."

"ಸರಿ ಸರ್. ನೋಡ್ಕೊಂಡು ಹೇಳಿ," ಎಂದಳು ಅವಳು. ಅವಳ ದನಿಯಲ್ಲೂ ನಿರಾಶೆ ಇತ್ತು. ನನಗಂತೂ ಹಣೆ ಹಣೆ ಬಡಿದುಕೊಳ್ಳಬೇಕೆನಿಸಿತು.

ಕೊಡೆ ಹಿಡಿದುಕೊಂಡು ಹೊರಟರು. ಬಿಸಿಲಲ್ಲಿ ಹುಬ್ಬಳ್ಳಿಯ ಪ್ರೆಸ್ಸುಗಳನ್ನು ತಿರುಗಿ, ಬಸ್ಸು ಹಿಡಿದು ಧಾರವಾಡಕ್ಕೂ ಹೋಗಿ ಬಂದರು. ಎಲ್ಲ ಕಡೆಯೂ ಅವರ ಸಿಸ್ಟಮ್ಮು ನಗುನಗುತ್ತ ಓಡುತ್ತಿತ್ತು. ಯಾರೂ ಅಳಿಸಿರಲಿಲ್ಲ. ಅವರಿಂದ ಇನ್ಯಾರೋ ಒಯ್ದಿದ್ದರು. ಊರ ತುಂಬ ತೆರೆಯುವ ಕೀಲಿ ಅವರ ಯಂತ್ರವೊಂದನ್ನೇ ತೆರೆಯುತ್ತಿರಲಿಲ್ಲ. ಧಾರವಾಡದ ಹುಡುಗನ ಅಂಗಡಿಯಲ್ಲಿ ಲಗ್ನಪತ್ರಿಕೆಗಳು ನೆಲದಿಂದ ಮೊಳಕಾಲೆತ್ತರ ಬಿದ್ದಿದ್ದವಂತೆ. ಅವನು ನಾಚಿಕೆಯಿಂದ ತಲೆ ಕೆರೆದುಕೊಂಡು, "ಇದನ್ನ ತಗದ್ರ ನಮ್ಮ ಹೊಟ್ಟಿಪಾಡ ಬಂದ್ ಆಗತೈತ್ರಿ ಕಾಕಾ. ನಿಮ್ಮ ಡಿಸ್ಕ ಬಿಚ್ಚಿ ಕಳಸ್ರಿ. ನನ್ನ ಮಶೀನಿಗೆ ಹಚ್ಚಿ ಪೇಪರ ತಗದ, ಲಗೂನ ಅಚ್ಚ ಹಾಕಿ ಕೊಡತೇನಿ," ಎಂದಿದ್ದ. ಅದು ಕೆಟ್ಟ ಮನಸ್ಸಿನ ಮಾತಾಗಿರಲಿಲ್ಲ. ಹಾಗಾಗಿ ಬೈಯಲೂ ಬರುವಂತಿರಲಿಲ್ಲ.

ಸಂಜೆ ನಾನು ಹೋದಾಗ ರಿಪೇರಿಯವನು ಡಿಸ್ಕು ಬಿಚ್ಚಿ ಇಟ್ಟು ಹೋಗಿದ್ದ. ಇವರು ಅದನ್ನು ಶುಭ್ರವಾದ ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. "ಪೇಪರ ಸಾಲೀವು, ನನ್ನವಲ್ಲ. ಹುಡುಗೂರು ಪರೀಕ್ಷೆ ಬರೀಬೇಕು," ಎಂದರು. ಬೇರೆ ಡಬ್ಬಿ ತರಿಸೋಣ, ನಾವೆಲ್ಲ ಸೇರಿ ಏನಾದರೂ ಮಾಡೋಣ ಎಂದೆ. "ನಂದು ಐತಲ್ರಿ ಸರ. ಇದ್ದಾಗ ಇನ್ನೊಂದ್ಯಾಕ?" ಎಂದರು. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಆ ಚೀಲದಲ್ಲಿ ಹೋಗುತ್ತಿರುವುದು ಒಂದು ವರ್ಷದ ಪ್ರಶ್ನೆಪತ್ರಿಕೆ ಮಾತ್ರವಲ್ಲ, ಇನ್ನು ಮುಂದಿನ ಎಲ್ಲ ವರ್ಷಗಳದೂ ಎಂದು ನಮ್ಮಿಬ್ಬರಿಗೂ ತಿಳಿದಿತ್ತು. ಹಾಗೆಯೇ ಆಯಿತು. ಮುಂದೆ ಕೊನೆಯ ತನಕ ಅವರು ರಸೀದಿ ಪುಸ್ತಕ ಹೊಲಿದುಕೊಂಡೇ ಇದ್ದರು.

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಕರೆದರು.

"ಸರ, ಒಂದ ಫೋನ ಹಚ್ಚಿ ಕೊಟ್ಟ ಹೋಗ್ರಿ. ಆ ಹುಡುಗಿಗೆ ಹೇಳೂದೈತಿ."

"ಇನ್ನೇನ ಹೇಳತೀರಿ ಆಕೀಗೆ?"

"ನೋಡಿ ಬಂದು ಹೇಳತೇನಿ ಅಂದಿದ್ದೆ. ದಾರಿ ನೋಡತಿರತಾಳ."

ಅಲ್ಲಿ ಅಂಥ ಹುಡುಗಿಯರು ನೂರಾರು ಮಂದಿ ಇರುತ್ತಾರೆ, ಯಾರೂ ಯಾರ ದಾರಿಯನ್ನೂ ನೋಡುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಚ್ಚಿ ಕೊಟ್ಟೆ. ಇಂಗ್ಲಿಷಿನಲ್ಲಿ ಯಂತ್ರದ ದನಿ ಬಂತು. ಏನಂತೈತ್ರಿ ಎಂದು ಕೇಳಿದರು. ನಾನು ಕಿವಿಗೊಟ್ಟು ಕೇಳಿ, ನಾವು ಮಾತಾಡುವುದನ್ನೆಲ್ಲ ರೆಕಾರ್ಡು ಮಾಡಿಕೊಳ್ಳಬಹುದಂತೆ, ಯಾರಾದರೂ ಬರುವ ತನಕ ಕಾಯಬೇಕಂತೆ ಎಂದೆ. ಆಮೇಲೆ ಅದೇ ಹಾಡು ಶುರುವಾಯಿತು.

"ಹಂಗಾರ ಕಾಯೂದ್ಯಾಕ," ಎಂದು ಅವರು ಗಂಟಲು ಸರಿಮಾಡಿಕೊಂಡರು. ಹಾಡು ನಡೆದಂತೆಯೇ ಮಾತಾಡತೊಡಗಿದರು.

"ತಂಗೀ, ಹುಬ್ಬಳ್ಳಿಯಿಂದ ಪ್ರೆಸ್ಸಿನಾಂವ ಮಾತಾಡಾಕತ್ತೇನಿ. ನೋಡಿ ಬಂದೇನಿ. ಎಲ್ಲಾ ಕಡೇನೂ ಐತವಾ, ಎಲ್ಲಾ ಕಡೇನೂ ಚಾಲೂ ಐತಿ. ಅವರದೂ ಹೊಟ್ಟಿಪಾಡು, ತಗೀರಿ ಅನ್ನಾಕ ನನಗ ಆಗಲಿಲ್ಲ. ಹಿಂಗಾಗಿ ನಂದು ಬಂದ್ ಇರತೈತಿ. ನೀ ನನಗ ನಂಬರ ಕೊಡಾಕ ಬಂದಿದ್ದಿ, ಆ ನೆನಪ ಐತಿ. ಆತಿನ್ನ, ಇಡತೇನಿ."

ಯಾರೂ ಎತ್ತಿಕೊಳ್ಳುವ ಮುಂಚೆಯೇ ಫೋನು ಇಟ್ಟರು. ಆಚೆ ಮನುಷ್ಯರು ಬಂದ ಮೇಲೆಯೇ ರೆಕಾರ್ಡು ಶುರುವಾಗುವುದು ಎಂದು ನನಗೆ ಗೊತ್ತಿತ್ತು.

"ರೆಕಾರ್ಡ ಆಗಿರತೈತಲ್ರಿ ಸರ?" ಎಂದು ಕೇಳಿದರು.

"ಆಗಿರತೈತ್ರಿ," ಎಂದೆ. ನನಗೆ ಅದು ಸಲೀಸಾಗಿ ಬಂತು.